ಛಾವಣಿಗೆ ಚಕ್ರ

ಹಾಲಿಸ್ ವ್ಯಾಂಡರ್‌ಗ್ರಿಫ್ ಆನೆ ಗುರುತಿನ ಪಕ್ಷದವನು. ಕಾನ್‌ಸ್ಟನ್ಸ್ ಮಜೂರ್ ಕತ್ತೆ ಗುರುತಿನ ಪಕ್ಷದವಳು. ಆ ದಿನ ಬೆಳಿಗ್ಗೆ ಏಳೂವರೆಗೆ ಟಿ.ವಿ.ಯಲ್ಲಿ ಅವನು, ಈ ಹೆಂಗಸಿನ ಕೈಗೆ ಕೊಟ್ಟರೆ ದೇಶವನ್ನು ತಿಂಗಳೊಪ್ಪತ್ತಿನಲ್ಲಿ ಮಾರಿ ಕೈತೊಳೆದುಕೊಳ್ಳುತ್ತಾಳೆ ಎಂದ. ಎಂಟಕ್ಕೆ ಅವಳು ಇನ್ನೊಂದು ಚಾನೆಲ್ಲಿನಲ್ಲಿ, ಈ ಮನುಷ್ಯ ಮಕ್ಕಳ ಬಾಯಿಯ ತುತ್ತು ಕಸಿಯುವವನು ಎಂದಳು. ಎಂಟೂವರೆಗೆ ಇಬ್ಬರೂ ವಾಷಿಂಗ್ಟನ್ನಿನ ಸಂಸತ್ ಭವನದ ಹಿಂಬದಿಯ ಕೋಣೆಯಲ್ಲಿ ಒಂದೇ ಡೋನಟ್ ಡಬ್ಬಿಯ ಮುಂದೆ ಕೂತಿದ್ದರು. ದಾಲ್ಚಿನ್ನಿ ಹಾಕಿದ್ದು ಒಂದೇ ಉಳಿದಿತ್ತು. ಹಾಲಿಸ್ ಅದನ್ನು ಪ್ಲಾಸ್ಟಿಕ್ ಚಾಕುವಿನಿಂದ ಎರಡು ಮಾಡಿ, ದೊಡ್ಡ ತುಂಡನ್ನು ಅವಳ ಕಡೆ ತಳ್ಳಿದ.

“ಮೊಮ್ಮಗಳಿಗೆ ಹಲ್ಲು ಬಂತಾ, ಕಾನಿ?”

“ಎರಡು ಬಂದಿದೆ. ಇವತ್ತು ಚೆನ್ನಾಗಿ ಬೈದ್ರಿ ಹಾಲಿಸ್. ಟೈ ಒಂದು ಹೊಂದ್ತಾ ಇರ್ಲಿಲ್ಲ ನೋಡಿ.”

ಮೂಲೆಯ ಮೇಜಿನಲ್ಲಿ ಕೂತು ಅರ್ಲೀನ್ ಪಿಕೆಟ್ ಇದನ್ನೆಲ್ಲ ಕೇಳಿಯೂ ಕೇಳದವಳಂತೆ ಟೈಪು ಮಾಡುತ್ತಿದ್ದಳು. ಇಪ್ಪತ್ತಾರು ವರ್ಷಗಳಿಂದ ಅವಳು ಈ ಸಮಿತಿಯ ಕರಡು ಬರೆಯುವವಳು. ಚುನಾವಣೆಯಲ್ಲಿ ಆನೆ ಗೆದ್ದರೆ ಗೋಡೆಯ ಮೇಲಿನ ಪಟ ಬದಲಾಗುತ್ತಿತ್ತು, ಕತ್ತೆ ಗೆದ್ದರೆ ಕಾಫಿಯ ರುಚಿ ಬದಲಾಗುತ್ತಿತ್ತು. ಅರ್ಲೀನಳ ಮೇಜು ಮಾತ್ರ ಇದ್ದಲ್ಲೇ ಇತ್ತು. ಶಾಲೆಗೆ ದುಡ್ಡು ಎಂದರೆ ಹೊಡೆದಾಡುವ, ಆಸ್ಪತ್ರೆಗೆ ಎಂದರೆ ಕೂಗಾಡುವ, ರಸ್ತೆಯ ಗುಂಡಿ ಮುಚ್ಚುವುದಕ್ಕೂ ಒಬ್ಬರ ಮುಖ ಒಬ್ಬರು ನೋಡದ ಈ ಜನ ವರ್ಷಕ್ಕೊಂದು ಸಲ, ರಕ್ಷಣಾ ವೆಚ್ಚದ ಮಸೂದೆ ಬಂದಾಗ, ಮದುವೆಮನೆಯ ಬೀಗರಂತಾಗುತ್ತಿದ್ದರು. ಆ ಮಸೂದೆಯ ಸಾವಿರದ ಚಿಲ್ಲರೆ ಪುಟಗಳನ್ನು ಬರೆಯುತ್ತಿದ್ದವಳು ಅರ್ಲೀನ್. ಓದುತ್ತಿದ್ದವಳೂ ಅವಳೊಬ್ಬಳೇ.

ಅಷ್ಟು ಪುಟಗಳಲ್ಲಿ ತನ್ನದು ಎಂದು ಅವಳು ಹೆಮ್ಮೆಪಡುತ್ತಿದ್ದುದು ಒಂದೇ ಒಂದು ವಾಕ್ಯಕ್ಕೆ. ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ಎಲ್ಲೋ ಒಂದು ವಿಮಾನದ ಕೊಟ್ಟಿಗೆಗೆ ಮೂವತ್ತು ಲಕ್ಷ ಡಾಲರಿನ ಬಣ್ಣ ಬಳಿದು, ಬಣ್ಣ ಆರುವ ಮೊದಲೇ ಅದನ್ನು ಕೆಡವಿದ್ದರು. ಅರ್ಲೀನಳಿಗೆ ಮೈಯೆಲ್ಲ ಉರಿದುಹೋಗಿತ್ತು. ಆ ಸಿಟ್ಟಿನಲ್ಲಿ ಬರೆದಿದ್ದಳು: ‘ಹೊಸ ವ್ಯವಸ್ಥೆಗೆ ಹಣ ಮಂಜೂರಾದ ಕಡೆ, ಅದು ಬಂದು ನೆಲೆಗೊಳ್ಳುವ ತನಕ, ಅದು ತೆರವು ಮಾಡಲಿರುವ ಹಳೆಯದರ ಮೇಲೆ ಒಂದು ಡಾಲರನ್ನೂ ವೆಚ್ಚ ಮಾಡತಕ್ಕದ್ದಲ್ಲ.’ ಆನೆಯವರು ಅದನ್ನು ತಮ್ಮ ಮಿತವ್ಯಯ ಎಂದು ಕೊಚ್ಚಿಕೊಂಡರು. ಕತ್ತೆಯವರು ತಮ್ಮ ಪ್ರಾಮಾಣಿಕತೆ ಎಂದರು. ಅಂದಿನಿಂದ ಪ್ರತಿ ಮಸೂದೆಯ ಪ್ರತಿ ಹೊಸ ಯೋಜನೆಯ ಬಾಲಕ್ಕೂ ಆ ವಾಕ್ಯ ಅಂಟಿಕೊಂಡಿತ್ತು. ಕಣ್ಣುಮುಚ್ಚಿ ಟೈಪು ಮಾಡುವಷ್ಟು ಅದು ಅವಳ ಬೆರಳಿಗೆ ರೂಢಿಯಾಗಿಬಿಟ್ಟಿತ್ತು.

ಆದರೆ ಈ ವಸಂತದಲ್ಲಿ ಅವಳ ತಲೆಯಲ್ಲಿದ್ದುದು ಮಸೂದೆಯಲ್ಲ, ಮಗ. ವೇಡ್‌ಗೆ ಇಪ್ಪತ್ತೆರಡು. ಸೈನ್ಯ ಸೇರಿ ಎರಡು ವರ್ಷವಾಗಿತ್ತು. ದಕ್ಷಿಣದ ಫೋರ್ಟ್ ಟಾಲಿವರ್ ಎಂಬ ಸೇನಾನೆಲೆಯಲ್ಲಿದ್ದ. ಭಾನುವಾರ ಚರ್ಚು ಮುಗಿದ ಮೇಲೆ ಅವನು ಫೋನು ಮಾಡುವುದು ವಾಡಿಕೆ. ಐದು ವಾರಗಳಿಂದ ಫೋನಿನಲ್ಲಿ ಅವನ ಮಾತಿಗಿಂತ ಕೆಮ್ಮೇ ಹೆಚ್ಚಾಗಿ ಕೇಳಿಸುತ್ತಿತ್ತು.

“ಡಾಕ್ಟರಿಗೆ ತೋರಿಸಿದ್ಯೇನೋ?”

“ತೋರಿಸ್ದೆ ಅಮ್ಮಾ. ಮಾತ್ರೆ ನುಂಗು, ನೀರು ಕುಡಿ ಅಂದ್ರು. ಇಲ್ಲಿ ಕಾಲು ಮುರಿದ್ರೂ ಅದೇ, ಹೆಂಡ್ತಿ ಬಿಟ್ಟುಹೋದ್ರೂ ಅದೇ.”

“ಕೆಮ್ಮು ಯಾತಕ್ಕೆ ಬಂತು ಅಂತ ಕೇಳಿದ್ರಾ?”

“ಅದು ಎಲ್ಲರಿಗೂ ಗೊತ್ತು. ಸೂರು ಸೋರುತ್ತೆ. ಗಾಳಿ ಬರೋ ಕೊಳವೆ ಕಟ್ಟಿಹೋಗಿದೆ. ನನ್ನ ಮಂಚದ ಪಕ್ಕ ಗೋಡೇಲಿ ಕರೀ ಬೂಷ್ಟು ಬೆಳೆದಿದೆ, ಫೋಟೋ ಕಳಿಸ್ತೀನಿ ನೋಡು. ನಾವು ಅದಕ್ಕೆ ಕ್ಯಾಪ್ಟನ್ ಅಂತ ಹೆಸರಿಟ್ಟಿದೀವಿ.”

“ಕ್ಯಾಪ್ಟನ್ ಯಾಕೋ?”

“ಏನೂ ಕೆಲಸ ಮಾಡಲ್ಲ, ಆದ್ರೂ ಮೇಲೆ ಮೇಲೆ ಹೋಗ್ತಾನೇ ಇರುತ್ತೆ.”

ಮಗ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಅರ್ಲೀನ್ ಫೋನು ಹಿಡಿದುಕೊಂಡು ಅದು ನಿಲ್ಲುವ ತನಕ ಕಾದಳು. ಹೆತ್ತ ಹೊಟ್ಟೆಗೆ ಅದನ್ನು ಕೇಳುವುದು ಸುಲಭವಲ್ಲ.

ಛಾವಣಿಯ ವಿಷಯ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳಪ್ಪ ವೆಸ್ಟ್ ವರ್ಜೀನಿಯಾದ ಬೆಟ್ಟದೂರಿನಲ್ಲಿ ಸೂರು ಹೊದಿಸುವವನು. ಹನ್ನೆರಡನೆಯ ವಯಸ್ಸಿಗೇ ಅವಳು ಡಾಂಬರಿನ ಡಬ್ಬಿ ಹಿಡಿದು ಏಣಿ ಹತ್ತಿದವಳು. ಸೋಮವಾರ ಬೆಳಿಗ್ಗೆ ಕೂತು ಲೆಕ್ಕ ಹಾಕಿದಳು. ಮೂರು ಹಳೆಯ ಮರದ ವಸತಿಗಳಿಗೆ ಹೊಸ ಸೂರು, ಹೊಸ ಕೊಳವೆ, ಬೂಷ್ಟು ತೆಗೆಸುವುದು, ಎಲ್ಲ ಸೇರಿ ನಲವತ್ತು ಲಕ್ಷ ಡಾಲರು. ಆ ಮಸೂದೆಯಲ್ಲಿ ಅಷ್ಟು ಹಣ ಎಂದರೆ ಸಮುದ್ರದಿಂದ ಒಂದು ಲೋಟ ನೀರು ಮೊಗೆದಂತೆ. ಸಾಲು ಬರೆದು ಹಾಲಿಸ್‌ನ ಮುಂದಿಟ್ಟಳು.

ದಕ್ಷಿಣದ ಹಳೆಯ ಕಾಲದ ಗಂಡಸರಂತೆ ಅವನು ಅವಳನ್ನು ಮಿಸ್ ಅರ್ಲೀನ್ ಎಂದೇ ಕರೆಯುತ್ತಿದ್ದ. “ಇದು ಯಾರ ಕ್ಷೇತ್ರ, ಮಿಸ್ ಅರ್ಲೀನ್?”

“ಯಾರೋ ಹೊಸಬರದು, ಸರ್. ನಮ್ಮ ಸಮಿತೀಲಿ ಇಲ್ಲ.”

“ಈ ಸೂರು ಹೊದಿಸೋರು ಎಲ್ಲಿಯವರು?”

“ಅಲ್ಲೇ ಊರಿನ ಮೇಸ್ತ್ರಿಗಳು.”

“ಮಳೆ ಎಲ್ಲಿ ಬೀಳುತ್ತೆ?”

“ಅದೂ ಅಲ್ಲೇ ಸರ್.”

ಹಾಲಿಸ್ ಕನ್ನಡಕ ತೆಗೆದ. “ಎಲ್ಲಾ ಒಂದೇ ಕಡೆ ಆಯ್ತಲ್ಲಮ್ಮ. ಇದಕ್ಕೆ ವಿರೋಧ ಮಾಡೋರು ಯಾರೂ ಇಲ್ಲ, ನಿಜ. ಬೇಕು ಅನ್ನೋರಾದ್ರೂ ಯಾರು?”

ಮಜೂರ್ ಇನ್ನೂ ಒಳ್ಳೆಯವಳು. ಫೋಟೋ ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು, ಅರ್ಲೀನಳ ಭುಜ ಹಿಡಿದುಕೊಂಡಳು, “ಅಯ್ಯೋ, ಆ ಮಗೂನ ನೆನೆಸ್ಕೊಂಡ್ರೆ ಕರುಳು ಕಿವುಚುತ್ತೆ ಕಣೇ” ಎಂದಳು. ಆಮೇಲೆ ಕಣ್ಣೊರೆಸಿಕೊಂಡು, “ಮುಂದಿನ ವರ್ಷ ಖಂಡಿತ ನೋಡೋಣ” ಎಂದು ಹೊರಟುಹೋದಳು.

ಅದೇ ವಾರ ಸೈನ್ಯದ ಜನರಲ್ ಒಬ್ಬ ಸಮಿತಿಯ ಮುಂದೆ ಬಂದ. ಹೆಸರು ಬ್ರಾಕೆನ್, ಎದೆಯ ತುಂಬ ಪದಕ. ಮ್ಯಾಸ್ಟಡಾನ್ ಎಂಬ ಕವಚದ ಬಂಡಿ ಇನ್ನು ಬೇಡ ಎಂದು ಹೇಳುವುದಕ್ಕೆ ಬಂದಿದ್ದ. ಅವು ಈಗಾಗಲೇ ಬೇಕಾದಷ್ಟಿವೆ, ನಿಲ್ಲಿಸಲು ಜಾಗವಿಲ್ಲದೆ ಮರುಭೂಮಿಯಲ್ಲಿ ಸಾಲಾಗಿ ಬಿಸಿಲು ಕಾಯುತ್ತಿವೆ, ಆ ದುಡ್ಡು ಸೈನಿಕರ ವಸತಿಗೆ ಕೊಡಿ ಎಂದು ಕೈಮುಗಿಯುವುದೊಂದು ಬಾಕಿ ಎನ್ನುವಂತೆ ಕೇಳಿದ.

“ಜನರಲ್,” ಎಂದಳು ಮಜೂರ್ ಮಮತೆಯಿಂದ, “ತಮ್ಮ ಸಂಕೋಚ ನಮಗೆ ಅರ್ಥವಾಗುತ್ತೆ. ಬೇಡ ಬೇಡ ಅನ್ನೋರಿಗೇ ಜಾಸ್ತಿ ಬಡಿಸಬೇಕು.”

“ಅಮ್ಮಾ, ನಿಜವಾಗಿಯೂ ಬೇಡ.”

“ಎಷ್ಟು ಬರ್ಕೊಳ್ಳಲಿ ಅಂತ ಮಿಸ್ ಅರ್ಲೀನ್ ಕೇಳ್ತಿದಾರೆ,” ಎಂದ ಹಾಲಿಸ್. ಅರ್ಲೀನ್ ಏನೂ ಕೇಳಿರಲಿಲ್ಲ. “ಎಂಬತ್ನಾಲ್ಕು ಅಂತ ಬರ್ಕೊಳ್ಳಿ.”

ಎಂಬತ್ನಾಲ್ಕು ಯಾಕೆಂದರೆ, ಆ ಬಂಡಿಯ ಚಕ್ರ ಹಾಲಿಸ್‌ನ ಊರಿನದು, ಗಾಜು ಮಜೂರಳ ಊರಿನದು, ಸೀಟಿನ ಸ್ಪಂಜು ಇನ್ಯಾರದೋ, ಹೊಗೆಕೊಳವೆ ಮತ್ಯಾರದೋ. ಅದಕ್ಕಿಂತ ಕಡಿಮೆ ಮಾಡಿದರೆ ಎಲ್ಲೋ ಒಂದು ಕಾರ್ಖಾನೆಯಲ್ಲಿ ಒಂದು ಪಾಳಿ ನಿಲ್ಲುತ್ತಿತ್ತು. ಜನರಲ್ ಸೆಲ್ಯೂಟ್ ಹೊಡೆದು, ಬೇಡದ ಎಂಬತ್ನಾಲ್ಕು ಬಂಡಿ ಹೊತ್ತುಕೊಂಡು ಹೋದ.

ಅರ್ಲೀನ್ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಬೀನ್ಸ್ ಸೂಪು ಕುಡಿಯುತ್ತ ಕೂತಿದ್ದಾಗ ಟ್ರಿಪ್ ಹಾಲೋವೇ ಬಂದು ಎದುರಿಗೆ ಕುಳಿತ. ಇವನು ಹ್ಯಾರೋ ಡನ್‌ಮೋರ್ ಎಂಬ ಶಸ್ತ್ರಾಸ್ತ್ರ ಕಂಪನಿಯ ಪರವಾಗಿ ಸಂಸದರ ಬಾಗಿಲು ಬಾಗಿಲು ಅಲೆಯುವ ಮನುಷ್ಯ. ಹಳದಿ ಕಾಲುಚೀಲ ಹಾಕುತ್ತಿದ್ದ. ಕಾಯಿದೆಗೆ ಅಂಜಿ ಯಾರಿಗೂ ಒಂದು ಕಾಫಿ ಕೂಡ ಕೊಡಿಸುತ್ತಿರಲಿಲ್ಲ, ಪುಕ್ಕಟೆ ಬುದ್ಧಿವಾದ ಮಾತ್ರ ಧಾರಾಳವಾಗಿ ಕೊಡುತ್ತಿದ್ದ.

“ನಿಮ್ಮ ಸೂರಿನ ಕತೆ ಕೇಳ್ದೆ. ನೀವು ಇಷ್ಟು ವರ್ಷ ಇಲ್ಲಿದ್ದು ಏನು ಕಲಿತ್ರಿ ಅರ್ಲೀನ್? ಸೂರು ಅಂದ್ರೆ ಯಾರ್ರೀ ದುಡ್ಡು ಕೊಡ್ತಾರೆ?”

“ಮತ್ತೇನಂತ ಅನ್ಬೇಕು? ಸೂರು ಸೂರೇ.”

“ಅದೇ ತಪ್ಪು. ಅದು ಕೂತಲ್ಲೇ ಕೂತಿರುತ್ತೆ, ಯಾರನ್ನೂ ಸಾಯಿಸಲ್ಲ, ಒಂದೂರಲ್ಲೇ ತಯಾರಾಗುತ್ತೆ. ಈ ಮೂರೂ ರೋಗ ವಾಸಿ ಮಾಡಿ, ಆಮೇಲೆ ನೋಡಿ.”

ತಮಾಷೆಗೆ ಹೇಳಿ ಅವನು ಎದ್ದುಹೋದ. ಅರ್ಲೀನ್ ತಣ್ಣಗಾದ ಸೂಪಿನ ಮುಂದೆ ಅರ್ಧ ಗಂಟೆ ಕೂತಿದ್ದಳು. ಆಮೇಲೆ ಮೇಲಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಬರೆಯತೊಡಗಿದಳು. ಸೂರು ‘ಊರ್ಧ್ವಮುಖ ವಾತಾವರಣ ಪ್ರತಿರೋಧ ಕವಚ’ವಾಯಿತು. ಕಿಟಕಿ ‘ಪಾರದರ್ಶಕ ವೀಕ್ಷಣಾ ಫಲಕ’ವಾಯಿತು. ಗಾಳಿಯ ಕೊಳವೆಗೆ ‘ಶ್ವಾಸ ಪ್ರಾಬಲ್ಯ ಘಟಕ’ ಎಂದು ಹೆಸರು ಬಿತ್ತು. ಬೂಷ್ಟನ್ನು ‘ಪ್ರತಿಕೂಲ ಜೈವಿಕ ಅತಿಕ್ರಮಣ’ ಎಂದು ಬರೆಯುವಾಗ, ಅಪ್ಪ ಇದ್ದಿದ್ದರೆ ನಕ್ಕು ನಕ್ಕು ಏಣಿಯಿಂದ ಬೀಳುತ್ತಿದ್ದ ಎನ್ನಿಸಿ ಅವಳಿಗೆ ನಾಚಿಕೆಯಾಯಿತು. ಕೆಮ್ಮು ನೆನಪಾಗಿ ನಾಚಿಕೆ ಬಿಟ್ಟಳು. ಇಡೀ ಯೋಜನೆಗೆ ‘ಕವಚ’ ಎಂದು ಚಿಕ್ಕ ಹೆಸರಿಟ್ಟಳು.

ಹಾಲಿಸ್ ಓದಿದ. ಹುಬ್ಬು ಮೇಲೇರಿತು. “ಇಂಥದ್ದು ಚೀನಾದವರ ಹತ್ರ ಇದ್ಯಾ?”

“ಇದೆ ಸರ್,” ಎಂದಳು ಅರ್ಲೀನ್. ಸುಳ್ಳೇನಲ್ಲ, ಅವರ ಸೈನಿಕರೂ ಸೂರಿನ ಕೆಳಗೇ ಮಲಗುತ್ತಾರೆ.

“ಎಷ್ಟಿವೆ?”

“ನಮಗಿಂತ ಜಾಸ್ತಿನೇ ಇರಬೇಕು ಸರ್. ಜನ ಜಾಸ್ತಿ ಅಲ್ವಾ.”

ಹಾಲಿಸ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುನಿಂತ. “ಕಾನಿ! ಬನ್ನಿ ಇಲ್ಲಿ! ನಾವು ಹಿಂದೆ ಬಿದ್ದಿದೀವಿ!”

ಮಜೂರ್ ಓಡಿಬಂದಳು. ಅರ್ಲೀನ್ ಮೊದಲೇ ಒಂದು ರಟ್ಟಿನ ಮೇಲೆ ದೇಶದ ನಕ್ಷೆ ಅಂಟಿಸಿ, ಕವಚದ ಭಾಗಗಳು ತಯಾರಾಗುವ ಕಡೆಗೆಲ್ಲ ಕೆಂಪು ಚುಕ್ಕೆ ಹಚ್ಚಿದ್ದಳು. ಇದು ಆ ಕಟ್ಟಡದ ಹಳೆಯ ಪದ್ಧತಿ. ಮಸೂದೆ ಯಾರೂ ಓದುವುದಿಲ್ಲ, ನಕ್ಷೆಯನ್ನು ಎಲ್ಲರೂ ನೋಡುತ್ತಾರೆ. ಹೆಂಚು ಮಜೂರಳ ಓಹಾಯೋದಿಂದ, ಮೊಳೆ ಹಾಲಿಸ್‌ನ ಅಲಬಾಮಾದಿಂದ, ಹೀಗೆ ಹನ್ನೊಂದು ಚುಕ್ಕೆ. ಅಷ್ಟು ಸಾಕು ಎಂದುಕೊಂಡಿದ್ದಳು ಅರ್ಲೀನ್. ಅವಳ ಲೆಕ್ಕ ತಪ್ಪಿದ್ದು ಇಲ್ಲೇ.

ಸಮಿತಿಯ ಸದಸ್ಯರು ಒಬ್ಬೊಬ್ಬರಾಗಿ ಬಂದು ನಕ್ಷೆಯ ಮುಂದೆ ನಿಲ್ಲತೊಡಗಿದರು. ತಮ್ಮ ಊರು ಹುಡುಕುವುದು, ಚುಕ್ಕೆ ಕಾಣದೆ ಮುಖ ಊದಿಸಿಕೊಳ್ಳುವುದು. ಐಡಹೋದವನು, “ನಮ್ಮ ಕಡೆ ಏನು, ದೇಶಭಕ್ತರಿಲ್ವಾ?” ಎಂದು ಕೇಳಿದ. ಅವನ ಊರಿನಲ್ಲಿ ರೇಡಾರಿನ ತಟ್ಟೆ ಮಾಡುತ್ತಿದ್ದರು. ಸೂರಿನ ಮೇಲೆ ರೇಡಾರು ಬಂತು. ಇನ್ನೊಬ್ಬನ ಊರಿನಲ್ಲಿ ಅಚ್ಚುಗಂಬಿ ಮಾಡುತ್ತಿದ್ದರು.

“ಸೂರಿಗೆ... ಅಂದ್ರೆ ಕವಚಕ್ಕೆ ಅಚ್ಚುಗಂಬಿ ಯಾಕೆ ಸರ್?” ಎಂದಳು ಅರ್ಲೀನ್.

“ಚಕ್ರ ಕೂರಿಸೋಕೆ.”

“ಚಕ್ರ ಯಾಕೆ?”

“ಯಾಕಮ್ಮ, ಶತ್ರು ಬಂದಾಗ ಅದು ಅಲ್ಲೇ ನಿಂತಿರ್ಬೇಕಾ?”

ಸೂರಿಗೆ ಎಂಟು ಚಕ್ರ ಬಂದವು. ಕೆಂಪು ಚುಕ್ಕೆಯ ಹಾಳೆ ಮುಗಿದು ಎರಡು ಸಲ ಅಂಗಡಿಯಿಂದ ತರಿಸಬೇಕಾಯಿತು. ವಾರ ಕಳೆಯುವಷ್ಟರಲ್ಲಿ ನಕ್ಷೆಗೆ ದಡಾರ ಎದ್ದಂತಾಗಿತ್ತು. ನಲವತ್ತೊಂದು ರಾಜ್ಯ. ನಲವತ್ತು ಲಕ್ಷ ಡಾಲರು ನೂರಮೂವತ್ತು ಕೋಟಿಯಾಗಿತ್ತು. ಸೇರಿಸಿದ್ದನ್ನೆಲ್ಲ ಅರ್ಲೀನ್ ಬರೆದುಕೊಂಡಳು. ಆದರೆ ಒಂದು ಸಾಲನ್ನು ಮಾತ್ರ ಅವಳು ಯಾರಿಗೂ ಮುಟ್ಟಲು ಬಿಡಲಿಲ್ಲ: ಮೊದಲ ಕವಚ ಫೋರ್ಟ್ ಟಾಲಿವರ್‌ಗೆ, ಅಲ್ಲಿನ ಮೂರು ಹಳೆಯ ವಸತಿಗಳ ಬದಲಿಗೆ. ಏನಾದರಾಗಲಿ, ಚಕ್ರವಿರಲಿ ರೆಕ್ಕೆಯಿರಲಿ, ಕೊನೆಗೆ ಮಗನ ತಲೆಯ ಮೇಲೊಂದು ಸೂರು ಬಂದರೆ ಸಾಕಾಗಿತ್ತು ಅವಳಿಗೆ.

ಆ ಸಾಲಿನ ಕೆಳಗೆ ಬೆರಳುಗಳು ತಾವಾಗಿಯೇ, ಇಪ್ಪತ್ತಮೂರು ವರ್ಷದ ರೂಢಿಯಂತೆ, ಅವಳ ಹೆಮ್ಮೆಯ ವಾಕ್ಯವನ್ನು ಟೈಪು ಮಾಡಿ ಮುಗಿಸಿದವು.

ಮಸೂದೆಗೆ ಒಂದು ವಿರೋಧದ ಮತವೂ ಬೀಳಲಿಲ್ಲ. ಹಾಲಿಸ್ ಮತ್ತು ಮಜೂರ್ ತಬ್ಬಿಕೊಂಡರು. “ದೇಶದ ವಿಷಯ ಬಂದಾಗ ನಮ್ಮಲ್ಲಿ ಆನೆ ಇಲ್ಲ, ಕತ್ತೆ ಇಲ್ಲ” ಎಂದು ಇಬ್ಬರೂ ಒಂದೇ ಮೈಕಿನಲ್ಲಿ ಹೇಳಿದರು. ಹೊರಗೆ ಮೆಟ್ಟಿಲಿನ ಮೇಲೆ ಕ್ಯಾಮೆರಾ ಕಂಡೊಡನೆ, ಕವಚದ ಯೋಚನೆ ಮೊದಲು ಯಾರಿಗೆ ಹೊಳೆದದ್ದು ಎಂದು ಜಗಳ ತೆಗೆದರು. ಅರ್ಲೀನ್ ಹೆಂಗಸರ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಸಂತೋಷಕ್ಕೆ ಅತ್ತಳು.

ಮೊಗಸಾಲೆಯಲ್ಲಿ ಜನರಲ್ ಬ್ರಾಕೆನ್ ಅವಳನ್ನು ತಡೆದ. ದನಿ ತಗ್ಗಿಸಿ ಕೇಳಿದ, “ಮಿಸೆಸ್ ಪಿಕೆಟ್, ಈ ಕವಚ ಅಂದ್ರೆ... ಸೂರು ತಾನೇ?”

“ಹೌದು ಜನರಲ್.”

“ನಾವು ಮೂರು ವರ್ಷದಿಂದ ಅದನ್ನೇ ಕೇಳ್ತಾ ಇದ್ವಲ್ರೀ!”

“ನೀವು ಸೂರು ಅಂತ ಕೇಳ್ತಾ ಇದ್ರಿ.”

ಜನರಲ್ ತಲೆಯಾಡಿಸಿಕೊಂಡು ಹೋದ.

ಅದಾದ ಎರಡು ತಿಂಗಳಿಗೆ ವೇಡ್‌ನ ತುಕಡಿಯನ್ನು ಪೋಲೆಂಡಿಗೆ ಕಳಿಸಿದರು. ಹದಿನಾಲ್ಕು ತಿಂಗಳು ಅವನು ಅಲ್ಲಿ ಬಯಲಿನಲ್ಲಿ, ಡೇರೆಯಲ್ಲಿ ಮಲಗಿದ. ಕೆಮ್ಮು ಹೇಳಹೆಸರಿಲ್ಲದೆ ಹೋಯಿತು. ಅರ್ಲೀನ್ ದೇವರಿಗೆ ಕೈಮುಗಿದಳು. ಮಗ ಮರಳುವಷ್ಟರಲ್ಲಿ ಹೊಸ ಸೂರು ಬಂದಿರುತ್ತದೆ ಎಂದು ಕಚೇರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದಳು.

ಮಗ ಮರಳಿ ಐದು ವಾರಕ್ಕೆ ಮೊದಲ ಕವಚದ ಉದ್ಘಾಟನೆ ಬಂತು. ಫೋನಿನಲ್ಲಿ ಅವನು ಹೆಚ್ಚು ಮಾತಾಡುತ್ತಿರಲಿಲ್ಲ, ಕೆಲಸ ಜಾಸ್ತಿ ಎನ್ನುತ್ತಿದ್ದ. ಹಾಲಿಸ್ ಮತ್ತು ಮಜೂರ್ ಹೊರಟ ವಿಮಾನದಲ್ಲೇ ಅರ್ಲೀನಳಿಗೂ ಒಂದು ಸೀಟು ಸಿಕ್ಕಿತು.

ಫೋರ್ಟ್ ಟಾಲಿವರ್‌ನಲ್ಲಿ ಜಿಟಿಜಿಟಿ ಮಳೆ. ಕವಾಯತು ಮೈದಾನದ ನಡುವೆ ಕವಚ ನಿಂತಿತ್ತು. ಎಂಟು ಚಕ್ರ, ತಲೆಯ ಮೇಲೊಂದು ರೇಡಾರು, ನಲವತ್ತೊಂದು ರಾಜ್ಯದ ಮಾಲು. ಅದರ ಮೇಲೆ ಒಂದು ದೊಡ್ಡ ಟಾರ್ಪಾಲು ಹೊದಿಸಿದ್ದರು. ಟ್ರಿಪ್ ಹಾಲೋವೇ ಹಳದಿ ಕಾಲುಚೀಲ ನೆನೆಯದಂತೆ ಪ್ಯಾಂಟು ಎತ್ತಿಕೊಂಡು ನಿಂತಿದ್ದ.

“ಟಾರ್ಪಾಲು ಯಾಕೆ?” ಎಂದಳು ಅರ್ಲೀನ್.

“ಮಳೆ ಬರ್ತಿದೆಯಲ್ಲ.”

“ಮಳೆಗೆ ತಾನೇ ಅದನ್ನ ಮಾಡಿದ್ದು?”

“ಮಳೆ ಪರೀಕ್ಷೆ ಮೂರನೇ ಹಂತದಲ್ಲಿ ಬರುತ್ತೆ ಅರ್ಲೀನ್. ಈಗ ನಾವು ಒಂದನೇ ಹಂತದಲ್ಲಿದೀವಿ. ಈಗ ನೆನೆದ್ರೆ ಗ್ಯಾರಂಟಿ ಹೋಗುತ್ತೆ.”

“ಒಳಗೆ ಎಷ್ಟು ಜನ ಮಲಗಬಹುದು?”

ಟ್ರಿಪ್ ಸ್ವಲ್ಪ ಯೋಚಿಸಿದ. “ರೇಡಾರಿನ ಯಂತ್ರ ಇಟ್ಟಮೇಲೆ... ಒಬ್ಬ. ಗಿಡ್ಡ ಇದ್ರೆ.”

ಕವಚದ ಸುತ್ತ ಕಟ್ಟಿದ ಹಗ್ಗದಾಚೆ ಒಬ್ಬ ಸೈನಿಕ ಬಂದೂಕು ಹಿಡಿದು ಮಳೆಯಲ್ಲಿ ನೆನೆಯುತ್ತ ಕಾವಲು ನಿಂತಿದ್ದ. ಅವನು ಕೆಮ್ಮಿದ. ತಿರುಗಿ ನೋಡದೆಯೇ ಅರ್ಲೀನಳಿಗೆ ಅದು ಯಾರೆಂದು ಗೊತ್ತಾಯಿತು.

“ವೇಡ್!”

“ಅಮ್ಮಾ, ಡ್ಯೂಟಿ ಮೇಲಿದೀನಿ. ಹತ್ತು ನಿಮಿಷಕ್ಕೆ ಇನ್ನೊಬ್ಬ ಬರ್ತಾನೆ.”

ಇನ್ನೊಬ್ಬ ಬಂದ ಮೇಲೆ ಮಗ ತಾಯಿಯನ್ನು ಮೈದಾನದಾಚೆಯ ತನ್ನ ವಸತಿಗೆ ಕರೆದುಕೊಂಡುಹೋದ. ಯಾವುದೋ ಹಳೆಯ ಯುದ್ಧದ ಕಾಲಕ್ಕೆ ಐದು ವರ್ಷ ಬಾಳಲಿ ಎಂದು ಕಟ್ಟಿದ ತಗ್ಗಿನ ಮರದ ಮನೆ. ಒಳಗೆ ಮೂರು ಬಕೆಟ್ಟಿನಲ್ಲಿ ಮೂರು ತಾಳದಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಬೂಷ್ಟು ಈಗ ಮೂರು ಮಂಚದ ಉದ್ದಕ್ಕೂ ಗೋಡೆಯ ಮೇಲೆ ಹರಡಿತ್ತು.

“ಕ್ಯಾಪ್ಟನ್‌ಗೆ ಬಡ್ತಿ ಸಿಕ್ಕಿದೆ, ಕರ್ನಲ್ ಆಗಿದಾನೆ,” ಎಂದ ವೇಡ್.

“ಮೊದಲು ಇಷ್ಟು ಸೋರ್ತಿರ್ಲಿಲ್ಲ ಅಲ್ವೇನೋ?”

“ಮೊದಲು ನಮ್ಮ ಸಾರ್ಜೆಂಟ್ ತಾನೇ ಏಣಿ ಹಾಕ್ಕೊಂಡು ಹತ್ತಿ ಡಾಂಬರು ಬಳೀತಿದ್ದ. ಬೂಷ್ಟು ಉಜ್ಜೋಕೆ ಬ್ಲೀಚು ತರಿಸ್ತಿದ್ದ. ಈಗ ಒಂದು ಡಬ್ಬಿನೂ ಕೊಡಲ್ಲ. ಯಾರೋ ಪುಣ್ಯಾತ್ಮ ವಾಷಿಂಗ್ಟನ್ನಲ್ಲಿ ಕೂತು ಬರೆದಿದಾನಂತೆ. ಅಲ್ಲಿ ಬಾಗಿಲ ಮೇಲೆ ಅಂಟಿಸಿದಾರೆ ನೋಡು. ನಾವು ದಿನಾ ಬೆಳಿಗ್ಗೆ ಅದನ್ನ ಪ್ರಾರ್ಥನೆ ಥರ ಹೇಳ್ಕೊಳ್ತೀವಿ.” ಅವನು ಅಟೆನ್ಷನ್‌ನಲ್ಲಿ ನಿಂತು ಪಾದ್ರಿಯ ದನಿಯಲ್ಲಿ ಶುರುಮಾಡಿದ. “ಹೊಸ ವ್ಯವಸ್ಥೆಗೆ ಹಣ ಮಂಜೂರಾದ ಕಡೆ, ಅದು ಬಂದು ನೆಲೆಗೊಳ್ಳುವ ತನಕ...”

ಮುಂದಿನದನ್ನು ಕೆಮ್ಮು ನುಂಗಿತು. ಉಳಿದದ್ದನ್ನು ಅರ್ಲೀನ್ ಹೇಳಿ ಮುಗಿಸಿದಳು. ಬಾಗಿಲಿನ ಕಾಗದ ನೋಡುವ ಅಗತ್ಯ ಅವಳಿಗಿರಲಿಲ್ಲ.

ವೇಡ್ ಅವಳ ಮುಖ ನೋಡಿದ. “ನಿನಗೆ ಹೇಗೆ ಗೊತ್ತು?”

“ಬರೆದಿದ್ದು ನಾನೇ ಕಣೋ.”

ಅರ್ಲೀನ್ ಮಂಚದ ಮೇಲೆ ಕೂತಳು. ಹಾಸಿಗೆ ಒದ್ದೆಯಾಗಿತ್ತು. ಇಪ್ಪತ್ನಾಲ್ಕು ವರ್ಷ ತಲೆಯ ಮೇಲೆ ಹೊತ್ತು ಮೆರೆಸಿದ ವಾಕ್ಯ ಈಗ ಮಗನ ಬಾಗಿಲ ಮೇಲೆ ಅಂಟಿಕೊಂಡು ಕೂತಿತ್ತು. ಮಗ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಪಕ್ಕದಲ್ಲಿ ಕೂತು ಜೇಬಿನಿಂದ ಒಂದು ಮಾತ್ರೆಯ ಪೊಟ್ಟಣ, ಸೊಂಟದಿಂದ ನೀರಿನ ಬಾಟಲಿ ತೆಗೆದು ಅವಳ ಕೈಗಿಟ್ಟ.

“ಮಾತ್ರೆ ನುಂಗು ಅಮ್ಮಾ, ನೀರು ಕುಡಿ.”

ಅರ್ಲೀನ್ ಅವೆರಡನ್ನೂ ಮಂಚದ ಮೇಲಿಟ್ಟು ಎದ್ದಳು. ಕಣ್ಣೀರು ಹಾಕುವ ಸಮಯ ಇದಲ್ಲ ಎಂದು ಅವಳಿಗೆ ಅನ್ನಿಸಿತು. ಸೇನಾನೆಲೆಯ ಗೇಟಿನಾಚೆ ಹಾರ್ಡ್‌ವೇರ್ ಅಂಗಡಿಯೊಂದನ್ನು ಬರುವಾಗಲೇ ಕಂಡಿದ್ದಳು. ಒದ್ದೆ ಮರದ ಮೇಲೂ ಹಿಡಿಯುವ ಡಾಂಬರು ಎರಡು ಡಬ್ಬಿ, ಎರಡು ಕುಂಚ, ಸೂರಿಗೆ ಅಂಟಿಸುವ ಹೊದಿಕೆಯ ಒಂದು ಸುರುಳಿ ತಂದಳು. ಸಾರ್ಜೆಂಟ್ ಅವಳನ್ನು ನೋಡಿದ, ಡಬ್ಬಿ ನೋಡಿದ, ಏಣಿ ಎಲ್ಲಿದೆ ಎಂದು ಗದ್ದದಲ್ಲೇ ತೋರಿಸಿ, ತುರ್ತು ಕೆಲಸ ನೆನಪಾದವನಂತೆ ಬೇರೆ ಕಡೆ ಹೋದ. ಐವತ್ತೇಳರ ಅರ್ಲೀನ್ ಉದ್ಘಾಟನೆಗೆಂದು ಉಟ್ಟ ನೀಲಿ ಸ್ಕರ್ಟನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು ಏಣಿ ಹತ್ತಿದಳು.

ಕೈ ಮರೆತಿರಲಿಲ್ಲ. ಸೀಳು ಎಲ್ಲಿದೆ ಎಂದು ಬೆರಳಾಡಿಸಿ ಹುಡುಕಿ, ಸವರಿ, ಹೊದಿಕೆಯ ತುಂಡು ಒತ್ತಿ, ಮತ್ತೆ ಸವರಿದಳು. ಮೈದಾನದಲ್ಲಿ ಬ್ಯಾಂಡು ಬಾರಿಸುತ್ತಿತ್ತು. ಹಾಲಿಸ್ ಮತ್ತು ಮಜೂರ್ ಒಂದೇ ದೊಡ್ಡ ಕತ್ತರಿಯ ಎರಡು ಕಿವಿ ಹಿಡಿದು ರಿಬ್ಬನ್ ಕತ್ತರಿಸಲು ಬಗ್ಗಿದ್ದರು. ಕ್ಯಾಮೆರಾದವನೊಬ್ಬ ಮಾತ್ರ ಅವರನ್ನು ಬಿಟ್ಟು ಸೂರಿನ ಕಡೆ ತಿರುಗಿಕೊಂಡ. ಅದನ್ನು ಕಂಡು ಇಬ್ಬರೂ ಕತ್ತರಿ ಸಮೇತ ಓಡಿಬಂದರು.

“ಮಿಸ್ ಅರ್ಲೀನ್! ಏನಿದು? ಇಳೀರಿ ಕೆಳಗೆ!” ಎಂದು ಕೂಗಿದ ಹಾಲಿಸ್. “ಹಳೇದರ ಮೇಲೆ ಖರ್ಚು ಮಾಡೋ ಹಾಗಿಲ್ಲ ಅಂತ ನೀವೇ ಬರೆದಿದ್ದಲ್ವಾ?”

“ಸರ್ಕಾರದ ದುಡ್ಡಲ್ಲ ಸರ್, ನನ್ನ ದುಡ್ಡು. ಅರವತ್ತೆರಡು ಡಾಲರು.”

“ಅದು ಇನ್ನೂ ತಪ್ಪು ಕಣೇ,” ಎಂದಳು ಮಜೂರ್. “ಸರ್ಕಾರದ ಆಸ್ತಿಗೆ ಯಾರಂದ್ರೆ ಅವರು ಹೀಗೆ ದಾನ ಮಾಡೋ ಹಾಗಿಲ್ಲ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ.”

“ಅರವತ್ತೆರಡು ಡಾಲರಲ್ಲಿ ಸೂರು ಸೋರೋದು ನಿಲ್ಲುತ್ತೆ ಅಂತ ಟಿ.ವಿ.ಯಲ್ಲಿ ಬಂದ್ರೆ ನಮ್ಮ ಗತಿ ಏನು ಕಾನಿ?” ಎಂದು ಹಾಲಿಸ್ ಮೆಲ್ಲಗೆ ಕೇಳಿದ.

“ಇಳಿಸ್ಬೇಕು,” ಎಂದಳು ಮಜೂರ್.

“ಇಳಿಸ್ಲೇಬೇಕು,” ಎಂದ ಹಾಲಿಸ್. ಅಲ್ಲಿಯೂ ಒಂದು ವಿರೋಧದ ಮತ ಬೀಳಲಿಲ್ಲ. ಅವನು ಹತ್ತಿರ ನಿಂತಿದ್ದ ಸೈನಿಕನ ಕಡೆ ಬೆರಳು ಮಾಡಿದ. “ಏಯ್ ಹುಡುಗ! ಆ ಹೆಂಗಸನ್ನ ಕೆಳಗಿಳಿಸು!”

“ಆಗಲಿ ಸರ್,” ಎಂದ ವೇಡ್.

ಏಣಿ ಹತ್ತುವಾಗ ಅವನು ಎರಡು ಸಲ ನಿಂತು ಕೆಮ್ಮಿದ. ಮೇಲೆ ಬಂದು ತಾಯಿಯ ಪಕ್ಕ ಮಂಡಿಯೂರಿ ಕುಳಿತ. ಅವಳ ಕೆನ್ನೆಗೆ ಡಾಂಬರು ಹತ್ತಿತ್ತು, ಕೂದಲೆಲ್ಲ ತೊಯ್ದು ಅಂಟಿಕೊಂಡಿತ್ತು.

“ಇಳೀಬೇಕಂತೆ ಅಮ್ಮಾ. ಎರಡೂ ಪಕ್ಷದ ಆಜ್ಞೆ.”

“ಇನ್ನೆಷ್ಟು ಉಳಿದಿದೆಯೋ?”

ವೇಡ್ ಸೂರಿನುದ್ದಕ್ಕೂ ಕಣ್ಣಾಡಿಸಿದ. “ನನ್ನ ಮಂಚದ ಮೇಲಿಂದು ಮುಗೀತು. ಪಕ್ಕದವನ ಮೇಲಿಂದು ಉಳಿದಿದೆ. ಆ ಕಡೆ ಮೂಲೆದೂ ಒಂದಿದೆ.”

ಅರ್ಲೀನ್ ಎರಡನೆಯ ಕುಂಚವನ್ನು ಅವನ ಕೈಗೆ ಕೊಟ್ಟಳು.

“ಹಾಗಾದ್ರೆ ನಿಧಾನಕ್ಕೆ ಇಳಿಸು.”